ಹುಲಿಗೆಮ್ಮ ಕೊಟ್ಟ ಸಂಖ್ಯೆ

ಹೋದ ವಾರ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನ ಮಾನ ಸ್ವಲ್ಪ ಹೋಯಿತು. ಒಣಮೆಣಸಿನಕಾಯಿ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಹೊಸ ಚೀಲದ ಬಾಯಿ ಬಿಚ್ಚಿದ. ಘಾಟು ಮೂಗಿಗೆ ಏರಿದ್ದೇ ತಡ, ಎರಡು ಸೀನು ಬಂದವು, ಮೂರನೆಯದರ ಬದಲು ಬಾಯಿಂದ ಒಂದು ಸಂಖ್ಯೆ ಬಂತು. “ಎರಡು ಲಕ್ಷ ನಲವತ್ತೊಂದು ಸಾವಿರದ ನೂರಾ ಮೂವತ್ತಮೂರು” ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ನಮ್ಮ ಕಡೆ ಮೆಣಸಿನಕಾಯಿ ತಳಿಗಳನ್ನು ನಂಬರಿನಿಂದಲೇ ಕರೆಯುವುದು ರೂಢಿ. ಅಂಗಡಿಯವನು ಬಹಳ ಗಂಭೀರವಾಗಿ, “ಆ ನಂಬರಿನ ಬೀಜ ಹೊಸಾದೇನ್ರಿ ಮೇಡಂ? ನಮ್ಮ ಕಡಿ ಇನ್ನಾ ಬಂದಿಲ್ಲ ನೋಡ್ರಿ” ಎಂದ.

ಅದು ಬೀಜವಲ್ಲಪ್ಪಾ ಎನ್ನಲು ಹೋದವಳು ಕೈಚೀಲ ಮುಂದೆ ಹಿಡಿದೆ. ಅದೇನೆಂದು ಅಂಗಡಿಯ ಕಟ್ಟೆ ಮೇಲೆ ನಿಂತು ಹೇಳಿ ಮುಗಿಸುವಂಥದ್ದಲ್ಲ. ನಿಮಗಾದರೆ ಹೇಳಬಹುದು. ನಿಮ್ಮ ಹಿಂದೆ ಗಿರಾಕಿಗಳು ಸಾಲುಗಟ್ಟಿ ನಿಂತಿಲ್ಲ.

ಮೊದಲು ನನ್ನ ಚಟ ನಿಮಗೆ ಗೊತ್ತಿರಬೇಕು. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಫೋನು, ನನಗೆ ಸಂಖ್ಯೆ ಒಡೆಯುವುದು. ಲಾರಿಯ ಹಿಂದಿನ ನಂಬರು, ಕರೆಂಟ್ ಕಂಬದ ಮೇಲಿನ ನಂಬರು, ಸೀರೆಗೆ ಅಂಟಿಸಿದ ಚೀಟಿಯ ನಂಬರು, ಯಾವುದು ಕಣ್ಣಿಗೆ ಬಿದ್ದರೂ ಸಾಕು, ಎರಡರಿಂದ ಹೋಗುತ್ತದೆಯೇ, ಮೂರರಿಂದ ಹೋಗುತ್ತದೆಯೇ, ಏಳರಿಂದ ಹೋಗುತ್ತದೆಯೇ ಎಂದು ತಲೆ ತಾನಾಗಿಯೇ ಕುಟ್ಟತೊಡಗುತ್ತದೆ. ಒಡೆದರೆ ಸಮಾಧಾನ. ಯಾವುದಕ್ಕೂ ಬಗ್ಗದೆ ಕುರುಗೋಡಿನ ಗುಡ್ಡದ ಬಂಡೆಯಂತೆ ಕೂತರೆ ಅದು ಅವಿಭಾಜ್ಯ. ಅದಕ್ಕೊಂದು ಮನಸ್ಸಿನಲ್ಲೇ ಕೈಮುಗಿದು ಮುಂದೆ ಹೋಗುತ್ತೇನೆ.

ಗುಡ್ಡದ ಹೆಸರು ಸುಮ್ಮನೆ ಬರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಅದರ ಬುಡದಲ್ಲೇ. ಅವ್ವ ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಕೂತರೆ ನಾನು ಬೀಜಗಳನ್ನು ಗುಂಪು ಗುಂಪಾಗಿ ಜೋಡಿಸುತ್ತಿದ್ದೆ. ಹನ್ನೆರಡು ಬೀಜವನ್ನು ಎರಡೆರಡಾಗಿ ಹಂಚಬಹುದು, ಮೂರಾಗಿ ಹಂಚಬಹುದು, ನಾಲ್ಕಾಗಿ, ಆರಾಗಿ ಹಂಚಬಹುದು. ಹದಿಮೂರನ್ನು ಹಂಚಲು ಬರುವುದಿಲ್ಲ. ಸಂಖ್ಯೆಗಳಿಗೂ ಮನೆತನಗಳಿವೆ ಎಂದು ನಾನು ಮೇಷ್ಟರಿಂದ ಕಲಿತದ್ದು ಆಮೇಲೆ. ತನ್ನನ್ನು ಭಾಗಿಸುವ ಸಣ್ಣ ಸಂಖ್ಯೆಗಳನ್ನೆಲ್ಲ ಕೂಡಿದರೆ ತನ್ನಷ್ಟೇ ಆಗುವುದು ಪರಿಪೂರ್ಣ ಸಂಖ್ಯೆ, ಆರರ ಹಾಗೆ. ಒಂದು, ಎರಡು, ಮೂರು ಕೂಡಿದರೆ ಆರೇ. ಹನ್ನೆರಡರದು ಕೂಡಿದರೆ ಹದಿನಾರಾಗಿ ಮಿಕ್ಕುತ್ತದೆ. ಹತ್ತರದು ಕೂಡಿದರೆ ಎಂಟೇ, ಕೊರತೆ. ಇದನ್ನು ಅವ್ವನಿಗೆ ವಿವರಿಸಿದಾಗ, “ಹಂಗಾರ ನಮ್ಮ ಮನಿ ಯಾವ ನಂಬರವ್ವಾ?” ಎಂದಳು. “ಹತ್ತು” ಎಂದೆ. “ಕೊರತಿ ಐತಿ ಅಂತ ಊರ ತುಂಬ ಹೇಳ್ಕೋತ ಹೋಗಬ್ಯಾಡ ಮತ್ತ” ಎಂದು ತಲೆಗೆ ಮೊಟಕಿದಳು.

ಚಟದಿಂದ ಆದ ನಷ್ಟವೂ ಇದೆ. ಒಮ್ಮೆ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ನೀವಿಬ್ಬರೂ ಮಾತಾಡಿಕೊಳ್ಳಿ ಎಂದು ದೊಡ್ಡವರು ಒಳಗೆ ಹೋದರು. ಏನು ಮಾತಾಡಬೇಕೆಂದು ತೋಚದೆ, “ನಿಮ್ಮ ಕಾರಿನ ನಂಬರು ಹದಿಮೂರರಿಂದ ಹೋಗುತ್ತದೆ” ಎಂದೆ. ಅವರು ಆ ಕಾರಿನಲ್ಲೇ ಹೋದರು, ತಿರುಗಿ ಬರಲಿಲ್ಲ. ಸಂಬಂಧ ಮುರಿಯಲು ಬೇರೆ ಕಾರಣಗಳೂ ಇದ್ದಾವು. ಅವ್ವ ಮಾತ್ರ ಕೊನೆತನಕ ಹದಿಮೂರನ್ನೇ ಬೈದಳು.

ಆ ಚಟವನ್ನೇ ಹೊಟ್ಟೆಪಾಡು ಮಾಡಿಕೊಂಡೆ. ದೊಡ್ಡ ಸಂಖ್ಯೆಗಳನ್ನು ಜಾತಿವಾರು ವಿಂಗಡಿಸುವುದರ ಮೇಲೆ ಪ್ರಬಂಧ ಬರೆದು ಹೆಸರಿನ ಮುಂದೆ ‘ಡಾ.’ ಹಚ್ಚಿಕೊಂಡೆ. ಸಿರುಗುಪ್ಪದ ಕಾಲೇಜೊಂದರಲ್ಲಿ ಕೆಲಸ, ಬಳ್ಳಾರಿಯಲ್ಲಿ ಮನೆ, ನಡುವೆ ಬಸ್ಸು. ಆ ಒಂದಕ್ಷರ, ಒಂದು ಚುಕ್ಕೆ ನನ್ನನ್ನು ಎಂಥ ಇಕ್ಕಟ್ಟಿಗೆ ತಳ್ಳಬಹುದೆಂದು ಬಸ್ಸಿನಲ್ಲೇ ಗೊತ್ತಾಯಿತು.

ಬಿಸಿಲು ಆಗಷ್ಟೇ ಬಲಿಯುತ್ತಿದ್ದ ಕಾಲ. ಕಣಗಳಲ್ಲೆಲ್ಲ ಮೆಣಸಿನಕಾಯಿ ಕೆಂಪಗೆ ಹರಡಿಕೊಂಡಿರುವ ದಿನಗಳು. ಪಾಠ ಮುಗಿಸಿ ಮಧ್ಯಾಹ್ನದ ಬಸ್ಸು ಹತ್ತಿದೆ. ಮೂವರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬ ತುಂಬು ಬಸುರಿ, ನಡುವೆ ಅವಳ ಅತ್ತೆ, ಈಚೆ ತುದಿಗೆ ನಾನು. ಬಸ್ಸು ಊರು ದಾಟುವಷ್ಟರಲ್ಲಿ ಅತ್ತೆ ಎಲ್ಲ ಹೇಳಿ ಮುಗಿಸಿದ್ದಳು. ಅವರದು ರಾರಾವಿ. ಅತ್ತೆ ಈರಮ್ಮ, ಸೊಸೆ ಹುಲಿಗೆಮ್ಮ. ಮಗ ಭತ್ತ ಕೊಯ್ಯುವ ಮಷೀನಿನ ಜೊತೆ ತೆಲಂಗಾಣದ ಕಡೆ ಹೋಗಿದ್ದಾನೆ. ಹೆರಿಗೆಗೆ ಇನ್ನೂ ದಿನವಿದೆ. ಆದರೆ ಸ್ಕ್ಯಾನಿಂಗ್‌ನಲ್ಲಿ ಕೂಸು ಉಲ್ಟಾ ಇರುವುದು ಕಂಡಿದೆ, ತಲೆ ಮೇಲೆ, ಕಾಲು ಕೆಳಗೆ.

“ತಾನಾಗೇ ಹಡೀಲಿ ಅಂತ ಮನ್ಯಾಗ ಕಾಯಂಗಿಲ್ಲಂತ್ರಿ. ಬಳ್ಳಾರಿ ದವಾಖಾನ್ಯಾಗ ಮುಂಚೇನ ಹೋಗಿ ಸೇರ್ಕೊಳ್ರಿ ಅಂದಾರ” ಎಂದಳು ಈರಮ್ಮ. ಆಮೇಲೆ ಕೇಳಿದಳು, “ನಿಮಗೆಷ್ಟು ಮಕ್ಕಳ್ರಿ?”

“ಇಲ್ರಿ. ಮದುವಿ ಆಗಿಲ್ಲ.”

ಈರಮ್ಮ ನನ್ನ ನರೆಗೂದಲನ್ನೂ ಬರಿಗೊರಳನ್ನೂ ನೋಡಿ “ಹೌದಾ” ಎಂದು ಕಿಟಕಿಯ ಕಡೆ ತಿರುಗಿದಳು. ಈ ‘ಹೌದಾ’ ನನಗೆ ಹೊಸದಲ್ಲ. ಅದರ ಅಪವರ್ತನಗಳೆಲ್ಲ ನನಗೆ ಬಾಯಿಪಾಠ.

ತೆಕ್ಕಲಕೋಟೆ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಬಸ್ಸು ನಿಂತಿತು. ಮುಂದೆ ಲಾರಿಗಳ ಸಾಲು, ನೋಡನೋಡುತ್ತಲೇ ಹಿಂದೆಯೂ ಸಾಲು. ಕಂಡಕ್ಟರ್ ಖಾಜಾಸಾಬ ಇಳಿದು ಹೋಗಿ ಕಣ್ಣು ಉಜ್ಜಿಕೊಳ್ಳುತ್ತ ಓಡಿ ಬಂದ. “ಕಿಟಕಿ ಹಾಕ್ರಿ, ಕಿಟಕಿ ಹಾಕ್ರಿ! ಮೆಣಸಿನಕಾಯಿ ಲಾರಿ ಅಡ್ಡ ಬಿದ್ದೈತಿ. ಡ್ರೈವರ್ ಪಾರಾಗ್ಯಾನ, ಚೀಲ ಎಲ್ಲಾ ಒಡದಾವು!”

ನಾವು ಕಿಟಕಿಗಳನ್ನು ಎಳೆಯುವುದರೊಳಗೆ ಗಾಳಿ ಬಂದಾಗಿತ್ತು. ಮೊದಲು ಮುಂದಿನ ಸೀಟಿನಲ್ಲಿ ಒಂದು ಸೀನು, ಆಮೇಲೆ ಇಡೀ ಬಸ್ಸೇ ಸೀನಿತು, ಕೆಮ್ಮಿತು, ಕಣ್ಣೀರು ಸುರಿಸಿತು. ಮೊದಮೊದಲು ಜನ ನಗುತ್ತಿದ್ದರು. ಹುಲಿಗೆಮ್ಮ ಸೀನಿದಾಗಲೆಲ್ಲ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಒಂದು ಸೀನಿನ ನಂತರ ಅವಳ ಕೈ ಹೊಟ್ಟೆಯಿಂದ ಏಳಲೇ ಇಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು, ಹಲ್ಲು ಕಚ್ಚಿ, “ಅತ್ತೀ” ಎಂದಳು. ಅಷ್ಟೇ ಅಂದದ್ದು. ಬಸ್ಸಿನಲ್ಲಿ ನಗು ನಿಂತಿತು.

ಮುಚ್ಚಿದ ಕಿಟಕಿ, ಒಳಗೆ ಬೇಗೆ, ಹೊರಗೆ ಘಾಟು. ಖಾಜಾಸಾಬ ಆಂಬುಲೆನ್ಸಿಗೆ ಫೋನು ಹಚ್ಚಿದ. ಬಳ್ಳಾರಿಯಿಂದ ಹೊರಟರೂ ಅದು ಬಿದ್ದ ಲಾರಿಯ ಆಚೆಗೇ ನಿಲ್ಲಬೇಕು. ಆ ಮೆಣಸಿನ ರಾಶಿ ದಾಟಿಸಿ ಬಸುರಿಯನ್ನು ಹೊತ್ತೊಯ್ಯುವ ಮಾತೇ ಇಲ್ಲ, ಗಟ್ಟಿ ಆಳುಗಳೇ ಉಸಿರು ಕಟ್ಟಿ ತಿರುಗಿ ಬರುತ್ತಿದ್ದರು. ಅವನು ಫೋನಿಟ್ಟು ಬಸ್ಸಿನ ತುಂಬ ಕಣ್ಣಾಡಿಸಿದ. ಕಣ್ಣು ನನ್ನ ಮೇಲೆ ನಿಂತಿತು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕಾಲೇಜಿನವರು ನನ್ನನ್ನು ‘ಡಾಕ್ಟ್ರೇ’ ಎಂದು ಕೂಗುವುದನ್ನು ಅವನು ದಿನಾ ಕೇಳಿದ್ದ.

“ಯಾಕ್ ಹೆದರ್ತೀರಿ? ಡಾಕ್ಟ್ರಮ್ಮಾರ ಇಲ್ಲೇ ಅದಾರಲ್ಲ!” ಎಂದು ಕೂಗಿದ.

ಅಷ್ಟೂ ಮುಖಗಳು ನನ್ನತ್ತ ತಿರುಗಿದವು. ಈರಮ್ಮ ನನ್ನ ಕೈ ಹಿಡಿದುಕೊಂಡಳು. ಹುಲಿಗೆಮ್ಮ ನೋವಿನ ನಡುವೆ ಕಣ್ಣು ಬಿಟ್ಟು ನನ್ನನ್ನು ನೋಡಿದ ನೋಟವಿದೆಯಲ್ಲ, ಜೀವ ಇದ್ದವರು ಯಾರೂ ಆ ನೋಟಕ್ಕೆ ಸುಳ್ಳು ಹೇಳಲಾರರು. ನಿಜ ಹೇಳುವುದೂ ಅಷ್ಟೇ ಕಷ್ಟ. ನನಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ಅಕ್ಕನ ಹೆರಿಗೆಯಲ್ಲಿ ಕೂಸಿಗಿಂತ ಮೊದಲು ನನಗೇ ನೀರು ಚಿಮುಕಿಸಿದ್ದರು.

“ನಾ ಆ ಡಾಕ್ಟರ್ ಅಲ್ರಿ” ಎಂದೆ. “ಲೆಕ್ಕದಾಗ ಡಾಕ್ಟರ್. ಗಣಿತ ಕಲಿಸ್ತೀನಿ.”

ಯಾರೋ ಹಿಂದೆ “ಥೋ” ಎಂದರು. ಈರಮ್ಮ ನನ್ನ ಕೈ ಬಿಟ್ಟಳು. “ಹಡದಾಕಿ ಯಾರರ ಇದ್ರ ಇತ್ತ ಬರ್ರೇ. ಈಕಿ ಕೂತು ಏನ್ ಮಾಡ್ತಾಳ?”

ಹಿಂದಿನ ಸೀಟಿನಿಂದ ಇಬ್ಬರು ಹೆಂಗಸರು ಬಂದರು. ಹುಲಿಗೆಮ್ಮನನ್ನು ಸೀಟಿನ ಮೇಲೆ ಎಡಮಗ್ಗುಲಿಗೆ ಮಲಗಿಸಿ, ಸೀರೆಯೊಂದನ್ನು ಅಡ್ಡ ಹಿಡಿದರು. ಒಬ್ಬಾಕೆ ಹೊಟ್ಟೆ ಮುಟ್ಟಿ ನೋಡಿ, ಹೆರಿಗೆ ಈಗಲೇ ಅಲ್ಲ, ಆದರೆ ನೋವು ನಿಜದ್ದೇ ಎಂದಳು. ಕೂಸು ಉಲ್ಟಾ ಎಂದು ಕೇಳಿದ ಮೇಲೆ ಹೊಟ್ಟೆಯ ಮೇಲಿನ ಕೈ ಹಿಂದೆಗೆದಳು. ನಾನು ಎದ್ದು ಜಾಗ ಬಿಡಲು ಹೋದೆ. ಹುಲಿಗೆಮ್ಮನ ಕೈ ನನ್ನ ಸೆರಗು ಹಿಡಿದಿತ್ತು.

“ಲೆಕ್ಕದ ಡಾಕ್ಟ್ರೇನ್ರಿ ನೀವು?”

“ಹೌದವ್ವಾ.”

“ಲೆಕ್ಕದಾಗ ಎರಡ ಸಲ ಫೇಲಾದಾಕಿ ನಾನು.” ನೋವು ಬಂತು, ಅವಳು ಮುಖ ಸೀಟಿಗೆ ಒತ್ತಿದಳು, ನೋವು ಹೋಯಿತು. “ಉಳದಿದ್ದೆಲ್ಲಾ ಪಾಸು. ಅದೊಂದ ಹೋತು. ಯಾತಕ್ ಬೇಕಿತ್ರಿ ಅದು? ಯಾರಿಗ್ ಬೇಕಿತ್ತು?”

ತರಗತಿಯಲ್ಲಿ ಈ ಪ್ರಶ್ನೆಗೆ ನನ್ನ ಬಳಿ ಚೆಂದದ ಉತ್ತರಗಳಿವೆ. ಇಲ್ಲಿ ಅವಳ ಹಣೆಯ ಬೆವರು ಒರೆಸಿದೆ.

“ಏನರ ಮಾತಾಡ್ರಿ” ಎಂದಳು. “ಸುಮ್ನಾದ್ರ ಕೂಸಿನ ಕಾಲ ಕಣ್ ಮುಂದ ಬರತಾವು. ಲೆಕ್ಕಾನ ಹೇಳ್ರಿ, ಏನ್ ಬೇಕಾದ್ದ ಹೇಳ್ರಿ.”

“ಹಂಗಾರ ಒಂದ ದೊಡ್ಡ ನಂಬರ್ ಹೇಳು.”

ಅವಳು ಯೋಚಿಸಲೇ ಇಲ್ಲ. “ಇಪ್ಪತ್ನಾಕು, ಹನ್ನೊಂದು, ಮೂವತ್ಮೂರು.” ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರಿನ ಕೊನೆಯ ಆರು ಅಂಕಿ. ಮುಂದಿನವು ಎಲ್ಲರದೂ ಒಂದೇ ಥರ, ಈ ಆರು ಮಾತ್ರ ತನ್ನವು ಎಂದಳು. ಫಲಿತಾಂಶ ಬಂದ ದಿನ ಹುಡುಕಿ ಹುಡುಕಿ ಕಾಣದೆ ಬಂದ ನಂಬರು. “ಅದನ್ನ ಏನ್ ಮಾಡ್ತೀರಿ?”

“ಒಡೀತೀನಿ.”

“ಒಡೀರಿ” ಎಂದಳು ಹುಲಿಗೆಮ್ಮ. “ಪುಡಿಪುಡಿ ಮಾಡ್ರಿ ಅದನ್ನ.”

ಹೀಗೆ ಶುರುವಾಯಿತು. ಎರಡು ಲಕ್ಷ ನಲವತ್ತೊಂದು ಸಾವಿರದ ನೂರಾ ಮೂವತ್ತಮೂರು. ಕೊನೆಗೆ ಮೂರು ಇದೆ, ಆದ್ದರಿಂದ ಎರಡರಿಂದಲೂ ಹೋಗದು, ಐದರಿಂದಲೂ ಹೋಗದು. ಅಂಕಿಗಳನ್ನೆಲ್ಲ ಕೂಡಿದರೆ ಹದಿನಾಲ್ಕು, ಮೂರರಿಂದ ಹೋಗದು. ಏಳು, ಹನ್ನೊಂದು, ಹದಿಮೂರು, ಈ ಮೂರಕ್ಕೂ ಒಂದೇ ಉಪಾಯವಿದೆ: ಸಂಖ್ಯೆಯನ್ನು ಮಧ್ಯಕ್ಕೆ ಮುರಿದು ಒಂದರಲ್ಲಿ ಇನ್ನೊಂದನ್ನು ಕಳೆಯುವುದು. ಇನ್ನೂರ ನಲವತ್ತೊಂದರಲ್ಲಿ ನೂರಾ ಮೂವತ್ತಮೂರು ಹೋದರೆ ನೂರಾ ಎಂಟು. ಅದು ಏಳರಿಂದ ಹೋಗದು, ಹನ್ನೊಂದರಿಂದ ಹೋಗದು, ಹದಿಮೂರರಿಂದಲೂ ಹೋಗದು. ಇಷ್ಟನ್ನೂ ನಾನು ಜೋರಾಗಿ, ಒಂದೊಂದೇ ಹೆಜ್ಜೆ ಹೇಳುತ್ತಿದ್ದೆ. ನೋವು ಬಂದಾಗ ನಿಲ್ಲಿಸಲು ಹೋದರೆ ಅವಳು ಸೆರಗು ಜಗ್ಗುತ್ತಿದ್ದಳು.

“ನಿಲ್ಲಸಬ್ಯಾಡ್ರಿ! ಹದಿನೇಳು?”

ಹದಿನೇಳರಲ್ಲಿ ನಾನು ತಪ್ಪಿದೆ. ಕಣ್ಣಲ್ಲಿ ಖಾರ, ಕಿವಿಯಲ್ಲಿ ಅವಳ ನರಳಾಟ. ಸಂಖ್ಯೆಗಳ ಜಾತಿ ವಿಂಗಡಿಸಿ ಡಾಕ್ಟರಾದವಳು ಒಂದು ಕಳೆಯುವ ಲೆಕ್ಕದಲ್ಲಿ ತೊಡರಿಕೊಂಡು, “ತಡಿ, ಎಲ್ಲಿದ್ನಿ ನಾನು?” ಎಂದೆ. “ಮತ್ತ ಮಾಡ್ರಿ” ಎಂದಳು, ಅವಳ ಮೇಷ್ಟರು ಅವಳಿಗೆ ಅಂದಿದ್ದ ದನಿಯಲ್ಲೇ ಇರಬೇಕು. ಮತ್ತೆ ಮಾಡಿದೆ. ಐದು ಮಿಕ್ಕಿತು. ಹತ್ತೊಂಬತ್ತಕ್ಕೆ ನಾಲ್ಕು ಮಿಕ್ಕಿತು. ಇಪ್ಪತ್ತಮೂರಕ್ಕೆ ಒಂದೇ ಒಂದು.

“ಒಂದರಾಗ ತಪ್ಪಿತೇನ್ರಿ? ನಂದೂ ಹಿಂಗಾ ಆಗಿತ್ತು” ಎಂದಳು. ನಗುವೋ ಅಳುವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ಈರಮ್ಮ ಸೊಸೆಯ ಪಾದ ಉಜ್ಜುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಇಪ್ಪತ್ತೊಂಬತ್ತು, ಮೂವತ್ತೊಂದು ಮುಗಿಯುವಷ್ಟರಲ್ಲಿ ನೋವುಗಳ ನಡುವಿನ ಬಿಡುವು ಕಡಿಮೆಯಾಗಿತ್ತು. ಹೊಟ್ಟೆ ಮುಟ್ಟಿ ನೋಡಿದ್ದ ಹೆಂಗಸು ಖಾಜಾಸಾಬನನ್ನು ಕರೆದು, “ಇಲ್ಲೇ ಇಟ್ಕೊಂಡ್ರ ನಮ್ಮ ಕೈಲಿ ಆಗಂಗಿಲ್ಲಪಾ. ಕಾಲ ಮೊದಲ ಬಂದು ತಲಿ ಸಿಕ್ಕೊಂಡ್ರ ಏನ್ ಮಾಡೂದು?” ಎಂದಳು. ಮೆಲ್ಲಗೆ ಅಂದಳೆಂದುಕೊಂಡಿದ್ದಳು. ಎಲ್ಲರಿಗೂ ಕೇಳಿಸಿತು, ಹುಲಿಗೆಮ್ಮನಿಗೂ.

ಆಗ ನಾನು ಹಿಂದಿನ ಗಾಜಿನಿಂದ ಹೊರಗೆ ನೋಡಿದೆ. ನಾಲ್ಕು ವಾಹನಗಳ ಹಿಂದೆ ಕಾಲುವೆ ದಾಟುವ ಸಣ್ಣ ಸೇತುವೆ, ಅದರ ಪಕ್ಕಕ್ಕೆ ಇಳಿಯುವ ಮಣ್ಣುಹಾದಿ. ಕಾಲುವೆಯ ದಂಡೆ! ಹುಡುಗಿಯಾಗಿದ್ದಾಗ ಸೈಕಲ್ಲಿನ ಮೇಲೆ ಅದೇ ದಂಡೆ ಹಿಡಿದು ಅಪ್ಪನ ಜೊತೆ ಎಷ್ಟು ಸಲ ಬಂದಿಲ್ಲ.

“ಖಾಜಾಸಾಬ್, ಈ ದಂಡಿ ಹಿಡದ್ರ ಕುರುಗೋಡು ಸೇರಬಹುದು. ಅಲ್ಲಿ ದವಾಖಾನಿ ಐತಿ, ಆಂಬುಲೆನ್ಸ್ ಅಲ್ಲಿಗೇ ಬರಾಕ ಹೇಳು.”

“ಹಾದಿ ಗೊತ್ತೇನ್ರಿ ನಿಮಗ?”

“ಗೊತ್ತು” ಎಂದೆ. ಗೊತ್ತಿತ್ತು, ಬಹಳ ವರ್ಷಗಳ ಕೆಳಗೆ.

ಸೇತುವೆಯ ಹತ್ತಿರ ಒಂದು ಲಗೇಜ್ ಆಟೋ ಸಿಕ್ಕಿಕೊಂಡಿತ್ತು. ಅದರ ಚಾಲಕ ಆಂಧ್ರದ ಗಡಿ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. ವಿಷಯ ಕೇಳುತ್ತಲೇ ಹಿಂದಿದ್ದ ಖಾಲಿ ಕ್ರೇಟುಗಳನ್ನು ರಸ್ತೆ ಬದಿಗೆ ಇಳಿಸಿ, “ಪರ್ವಾಲೇದು, ಕುಂದ್ರಸ್ರಿ ಅಮ್ಮಾ” ಎಂದ. 

ಖಾಜಾಸಾಬ ಮತ್ತು ಡ್ರೈವರು ಹುಲಿಗೆಮ್ಮನನ್ನು ಒದ್ದೆ ಟವೆಲ್ಲಿನಿಂದ ಮೂಗು ಮುಚ್ಚಿ ಎತ್ತಿ ತಂದರು. ಬಸ್ಸಿನವರು ಕೊಟ್ಟ ಕಂಬಳಿ, ಚಾದರ, ಸೀರೆಗಳನ್ನೆಲ್ಲ ಕೆಳಗೆ ಹಾಸಿದೆವು. ಈರಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ಹಾದಿ ತೋರಿಸಬೇಕಲ್ಲ, ಮುಂದೆ ಕೂರಲು ಹೋದೆ. ಸೆರಗು ಮತ್ತೆ ಜಗ್ಗಿತು.

“ಮೂವತ್ತೇಳು ಆಗಿಲ್ರಿ” ಎಂದಳು ಹುಲಿಗೆಮ್ಮ.

ನಾನೂ ಹಿಂದೆಯೇ ಹತ್ತಿ, ಮುಂದಿನ ಸಣ್ಣ ಕಿಂಡಿಯಲ್ಲಿ ಬಾಯಿಟ್ಟು ಹಾದಿ ಕೂಗುತ್ತ ಹೊರಟೆ.

ದಂಡೆಯ ಹಾದಿ ಒಂದೇ ಆಟೋದಷ್ಟು ಅಗಲ. ಒಂದು ಕಡೆ ತುಂಬಿ ಹರಿಯುವ ಕಾಲುವೆ, ಇನ್ನೊಂದು ಕಡೆ ಆಳದಲ್ಲಿ ಗದ್ದೆ. ಒಂದೊಂದು ಗುಂಡಿಗೂ ಹುಲಿಗೆಮ್ಮ ನನ್ನ ಮಣಿಕಟ್ಟು ಹಿಂಡುತ್ತಿದ್ದಳು. ಮೂವತ್ತೇಳು ಹೋಗಲಿಲ್ಲ. ನಲವತ್ತೊಂದು, ನಲವತ್ತಮೂರು ಹೋಗಲಿಲ್ಲ. ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಹಾದಿ ಎರಡಾಗಿ ಸೀಳಿತು.

ಚಾಲಕ ಆಟೋ ನಿಲ್ಲಿಸಿ ಕೂಗಿದ. “ಎಟು ಅಮ್ಮಾ? ಯಾ ಕಡಿ?”

ನನ್ನ ನೆನಪಿನಲ್ಲಿ ಅಲ್ಲಿ ಒಂದೇ ಹಾದಿಯಿತ್ತು. ಎಡಕ್ಕೋ ಬಲಕ್ಕೋ? ಗುಡ್ಡ ಕಂಡರೆ ಹೇಳಬಹುದಿತ್ತು. ಬಿಸಿಲ ಝಳಕ್ಕೆ, ಖಾರಕ್ಕೆ ಉಬ್ಬಿದ ಕಣ್ಣಿಗೆ ಎಲ್ಲ ಕಡೆಯೂ ಬರೀ ಬಿಳಿ. ಈರಮ್ಮ ಆಗ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸಂಖ್ಯೆಯಾದರೆ ಪರೀಕ್ಷೆ ಮಾಡಬಹುದು, ಶೇಷ ಬಂದರೆ ಇನ್ನೊಂದನ್ನು ಹಿಡಿಯಬಹುದು. ಇಲ್ಲಿ ತಪ್ಪಿದರೆ ತಿರುಗಿಸಿಕೊಳ್ಳಲೂ ಜಾಗವಿಲ್ಲ. ಅಪ್ಪನ ಸೈಕಲ್ಲಿನ ಹಿಂದೆ ಕೂತು ಮನೆಗೆ ಹೋಗುವಾಗ ಸಂಜೆಯ ಬಿಸಿಲು ಎಲ್ಲಿ ಬೀಳುತ್ತಿತ್ತು? ಮುಖಕ್ಕೆ. ಮುಖಕ್ಕೇ ಬೀಳುತ್ತಿತ್ತು, ನಾನು ಅಪ್ಪನ ಬೆನ್ನಿಗೆ ಮರೆಯಾಗುತ್ತಿದ್ದೆ. ಈಗ ಸೂರ್ಯ ಎಡಕ್ಕೆ ವಾಲಿದ್ದ, ಪಡುವಣ ಎಡಕ್ಕಿತ್ತು.

“ಎಡಕ್ಕ” ಎಂದೆ.

ಎಡಕ್ಕೆ ತಿರುಗಿದೆವು. ನಲವತ್ತೇಳನ್ನು ನಾನು ತುಟಿಯಲ್ಲೇ ಮಾಡಿದೆ. ಐವತ್ತಮೂರನ್ನು ಮಾಡುವಾಗ ಬಿಳಿಯ ನಡುವೆ ಒಂದು ನೀಲಿ ಮಚ್ಚೆ ಎದ್ದಿತು, ಮೆಲ್ಲಗೆ ಬಂಡೆಯಾಯಿತು, ಗುಡ್ಡವಾಯಿತು. ನನ್ನ ಊರಿನ ಗುಡ್ಡ. ಅದನ್ನು ಕಂಡು ನಾನು ಹಿಂದೆಂದೂ ಅಷ್ಟು ಸಂತೋಷಪಟ್ಟದ್ದಿಲ್ಲ. ಆ ಸಂತೋಷದಲ್ಲೇ ಐವತ್ತೊಂಬತ್ತನ್ನು ಹಿಡಿದೆ. ನಾಲ್ಕು ಸಾವಿರ ಸಲ ಐವತ್ತೊಂಬತ್ತು, ಎರಡು ಲಕ್ಷ ಮೂವತ್ತಾರು ಸಾವಿರ. ಉಳಿದದ್ದು ಐದು ಸಾವಿರದ ನೂರಾ ಮೂವತ್ತಮೂರು. ಎಂಬತ್ತೇಳು ಸಲ ಐವತ್ತೊಂಬತ್ತು... ಐದು ಸಾವಿರದ ನೂರಾ ಮೂವತ್ತಮೂರು. ಶೇಷ ಸೊನ್ನೆ.

“ಒಡೀತು!” ಎಂದು ಕಿರುಚಿದೆ.

ಆಟೋ ಗಕ್ಕನೆ ನಿಂತಿತು. ಈರಮ್ಮ “ಅಯ್ಯಯ್ಯೋ, ನೀರು ಒಡೀತೇನ?” ಎಂದು ಸೊಸೆಯ ಸೀರೆ ತಡಕಿದಳು. ಚಾಲಕ ಇಳಿದು ಓಡಿ ಬಂದ. ನೀರಿನ ಚೀಲ ಈಗ ಒಡೆದರೆ ಅಪಾಯವೆಂದು ಅವಳಿಗೆ ದವಾಖಾನೆಯಲ್ಲಿ ಮೊದಲೇ ಹೇಳಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ.

“ನೀರಲ್ರಿ! ನಂಬರು! ನಂಬರು ಒಡೀತು!”

ಈರಮ್ಮ ನನ್ನನ್ನು ಕಾಲುವೆಗೆ ತಳ್ಳದೆ ಬಿಟ್ಟದ್ದು ದೊಡ್ಡದು. “ನಿನ್ನ ನಂಬರಿಗಿ ಬೆಂಕಿ ಹಾಕ! ನನ್ನ ಜೀವಾನ ಹೋಗಿತ್ತು!” ಹುಲಿಗೆಮ್ಮ ಮಾತ್ರ ಕಣ್ಣು ಮುಚ್ಚಿಕೊಂಡೇ ನಗತೊಡಗಿದಳು. ನೋವು ಬಂದು ಆ ನಗುವನ್ನು ಮಧ್ಯದಲ್ಲೇ ತುಂಡು ಮಾಡಿತು. ಅದು ಇಳಿದ ಮೇಲೆ ಕೇಳಿದಳು, “ಎಷ್ಟು ಚೂರಾತ್ರಿ?”

ಭಾಗಿಸಿ ಬಂದದ್ದು ನಾಲ್ಕು ಸಾವಿರದ ಎಂಬತ್ತೇಳು. ಅರವತ್ತನಾಲ್ಕರ ವರ್ಗ ನಾಲ್ಕು ಸಾವಿರದ ತೊಂಬತ್ತಾರು. ಅದಕ್ಕೆ ಒಂಬತ್ತು ಕಡಿಮೆ, ಒಂಬತ್ತು ಮೂರರ ವರ್ಗ. ಹಾಗಾದರೆ ಅರವತ್ತನಾಲ್ಕರಿಂದ ಮೂರು ಹಿಂದೆ, ಮೂರು ಮುಂದೆ: ಅರವತ್ತೊಂದು, ಅರವತ್ತೇಳು. ಅವೆರಡೂ ಮುಂದೆ ಒಡೆಯವು.

“ಮೂರು. ಐವತ್ತೊಂಬತ್ತು, ಅರವತ್ತೊಂದು, ಅರವತ್ತೇಳು.”

“ಹೋತು ಪೀಡಿ” ಎಂದಳು.

ಕುರುಗೋಡಿನ ದವಾಖಾನೆಯ ಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ನರ್ಸ್ ಒಬ್ಬಾಕೆ ನೋಡಿ, ಕೂಸಿನ ಎದೆಬಡಿತ ಕೇಳಿ, “ಒಂದ ನಿಮಿಷ ನಿಲ್ಲಬ್ಯಾಡ್ರಿ, ಬಳ್ಳಾರಿಗಿ ನಡೀರಿ” ಎಂದು ತಾನೂ ಹತ್ತಿದಳು. ನನ್ನನ್ನು ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹತ್ತಿದೆ. ಈಗಿನ ನೋವುಗಳಿಗೆ ಬಿಡುವೇ ಇರಲಿಲ್ಲ. “ಇನ್ನೊಂದ ನಂಬರ್ ಹೇಳವ್ವಾ” ಎಂದೆ, ನನ್ನ ಬಳಿ ಬೇರೇನೂ ಇರಲಿಲ್ಲವಲ್ಲ. ಅವಳು ತಲೆ ಅಲ್ಲಾಡಿಸಿದಳು. ಅವಳು ಯಾವ ಮಾತೂ ಹೋಗದ ಕಡೆಗೆ ಹೋಗಿದ್ದಳು. ಕೊಳಗಲ್ಲು ದಾಟುವಾಗ ನರ್ಸ್ ಮತ್ತೆ ಎದೆಬಡಿತ ಕೇಳಿ, ಚಾಲಕನಿಗೆ ಏನೂ ಹೇಳದೆ ಅವನ ಭುಜ ತಟ್ಟಿದಳು. ಅವನು ವೇಗ ಹೆಚ್ಚಿಸಿದ. ಆ ತಟ್ಟಿದ್ದನ್ನು ನಾನು ನೋಡಿದೆ, ಈರಮ್ಮನೂ ನೋಡಿದಳು. ನಾವಿಬ್ಬರೂ ಮುಖ ಬೇರೆ ಕಡೆ ತಿರುಗಿಸಿಕೊಂಡೆವು.

ಬಳ್ಳಾರಿಯಲ್ಲಿ ಅವಳನ್ನು ನೇರ ಆಪರೇಷನ್ನಿಗೆ ಒಯ್ದರು. ಬಾಗಿಲು ಮುಚ್ಚಿತು. ಈರಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಳು, ನಾನು ಪಕ್ಕದಲ್ಲಿ ಕೂತೆ. ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ನನ್ನ ತಲೆ ಆಗಲೂ ಸುಮ್ಮನಿರಲಿಲ್ಲ ಎಂದರೆ ನೀವು ಬೈಯಬಾರದು. ಹುಲಿಗೆಮ್ಮನ ಸಂಖ್ಯೆಯನ್ನು ಭಾಗಿಸುವ ಸಣ್ಣ ಸಂಖ್ಯೆಗಳನ್ನೆಲ್ಲ ಕೂಡುತ್ತಿದ್ದೆ. ಹನ್ನೊಂದು ಸಾವಿರದ ಎಂಟುನೂರ ಇಪ್ಪತ್ತೇಳು. ಎರಡು ಲಕ್ಷ ದಾಟಿದ ಸಂಖ್ಯೆಗೆ ಇದೇನೂ ಅಲ್ಲ. ಕಡುಬಡವ ಸಂಖ್ಯೆ, ಕೊರತೆಯ ಜಾತಿಯದು. ಆ ಮಾತು ಮನಸ್ಸಿಗೆ ಬಂದದ್ದೇ, ಬೇರೆ ಉತ್ತರ ಬರಲೆಂದು ಮತ್ತೆ ಮೊದಲಿಂದ ಕೂಡತೊಡಗಿದೆ. ಶಕುನ, ಸಂಖ್ಯಾಶಾಸ್ತ್ರ ಎಂದವರನ್ನು ಜೀವಮಾನವಿಡೀ ಗೇಲಿ ಮಾಡಿದವಳು ನಾನು.

“ಏನ್ ಒಟಗುಟ್ಟಾಕತ್ತೀಯವ್ವಾ? ಮಂತ್ರಾನ?” ಈರಮ್ಮ ಕೇಳಿದಳು.

“ಅಲ್ರಿ, ಲೆಕ್ಕ. ನಿಮ್ಮ ಸೊಸಿ ನಂಬರಿಂದು.”

“ಏನಂತ ಹೇಳತೈತಿ ಅದು?”

“ಲೆಕ್ಕ ಅಂಥಾದ್ದು ಏನೂ ಹೇಳಂಗಿಲ್ರಿ.”

“ಮತ್ತ್ಯಾಕ ಮಾಡ್ತಿ?”

“ಸುಮ್ನ ಕುಂದ್ರಾಕ ಆಗವಲ್ದು.”

ಈರಮ್ಮ ಮುಚ್ಚಿದ ಬಾಗಿಲನ್ನು ನೋಡಿದಳು. “ನನಗೂ ಆಗವಲ್ದು” ಎಂದಳು. ಆಮೇಲೆ, “ಆ ಮೂರು ಚೂರು ಯಾವ ಅಂದಿ?”

ಹೇಳಿದೆ. ಅವಳು ಕಣ್ಣು ಮುಚ್ಚಿ, ಬೆರಳು ಮಡಚುತ್ತ, ಮೂರನ್ನೂ ಹೇಳಿಕೊಂಡಳು. ಮತ್ತೆ ಹೇಳಿಕೊಂಡಳು. ಅರವತ್ತೊಂದನ್ನು ಒಮ್ಮೆ ಮರೆತಾಗ ನಾನು ನೆನಪು ಮಾಡಿಕೊಟ್ಟೆ.

ಒಳಗಿನಿಂದ ಯಾರೋ ಓಡಾಡುವ ಸದ್ದು, ಪಾತ್ರೆ ಬಿದ್ದ ಸದ್ದು. ಅಳು ಮಾತ್ರ ಇಲ್ಲ. ಈರಮ್ಮ ಹೇಳುವುದನ್ನು ನಿಲ್ಲಿಸಿದಳು. ಆಮೇಲೆ ಒಂದು ಸಣ್ಣ ಕೆಮ್ಮು, ಬೆಕ್ಕಿನ ಮರಿಯ ಹಾಗೆ ಒಂದು ಎಳೆತ, ಹಿಂದೆಯೇ ಹುರುಪಿನ ಅಳು. ಈರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನರ್ಸ್ ಬಂದು ಹೇಳಿದಳು: ಹೆಣ್ಣುಕೂಸು. ಮೊದಲು ಅಳಲಿಲ್ಲ, ಸ್ವಲ್ಪ ಹೆದರಿಸಿತು. ತಾಯಿಗೆ ರಕ್ತ ಹೋಗಿದೆ, ಆದರೆ ಆರಾಮಿದ್ದಾಳೆ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು. ನಾನು ತಲೆಯಾಡಿಸಿ ಎದ್ದೆ, ಗೋಡೆ ಹಿಡಿದುಕೊಂಡೆ.

ಈರಮ್ಮ ನನ್ನ ರಟ್ಟೆ ಹಿಡಿದು ಹೊರಗಿನ ನಳದ ಹತ್ತಿರ ಕರೆದುಕೊಂಡು ಹೋದಳು. ಬೊಗಸೆಯಲ್ಲಿ ನೀರು ಹಿಡಿದು ನನ್ನ ಮುಖಕ್ಕೆ ಹಾಕಿದಳು, ಸಣ್ಣ ಮಕ್ಕಳಿಗೆ ತೊಳೆಯುತ್ತಾರಲ್ಲ, ಹಾಗೆ, ಅಂಗೈಯಿಂದ ಹಣೆ, ಕಣ್ಣು, ಕೆನ್ನೆ. ನಾನು ಸುಮ್ಮನೆ ಬಾಗಿ ನಿಂತಿದ್ದೆ. ಸೆರಗಿನಿಂದ ಒರೆಸುತ್ತ ಕೇಳಿದಳು.

“ಯಾರ ಮಗಳವ್ವಾ ನೀ?”

ಎಷ್ಟು ಮಕ್ಕಳು ಎಂದು ಕೇಳುವವರು ದಿನಕ್ಕೊಬ್ಬರು ಸಿಗುತ್ತಾರೆ. ಇದನ್ನು ಕೇಳುವವರು ತೀರಿಹೋಗಿದ್ದರು.

“ಕುರುಗೋಡು ಗೌರಮ್ಮನ ಮಗಳ್ರಿ” ಎಂದೆ. ಅವ್ವ ಹೋದ ಮೇಲೆ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ನಾನೇ ಕೇಳಿರಲಿಲ್ಲ.

“ಗೌರಮ್ಮನ ಮಗಳ, ಬುತ್ತಿ ಐತಿ ಬಾ. ಮುಂಜಾನಿಂದ ಏನ್ ತಿಂದಿಲ್ಲ ನೀನೂ.”

ದವಾಖಾನೆಯ ಮೆಟ್ಟಿಲ ಮೇಲೆ ಕೂತೆವು. ಅವಳು ಗಂಟು ಬಿಚ್ಚಿ, ಒಣಗಿದ ಜೋಳದ ರೊಟ್ಟಿ ಮುರಿದು, ಮೊಸರಲ್ಲಿ ಅದ್ದಿ, ಮೊದಲ ತುತ್ತನ್ನು ನನ್ನ ಕೈಗೆ ಹಾಕಿದಳು.